ಹತ್ತನೇ ನಂಬರಿನ ಭೀಮಾಶಂಕರ

ದೊಮ್ಮಲೂರು ಫ್ಲೈಓವರಿನ ಪಕ್ಕದ ಕಟ್ಟಡದಲ್ಲಿ ಕೆಂಪರಾಜ್ ಅವರ ಕಂಪನಿ. ಅಪಾರ್ಟ್‌ಮೆಂಟುಗಳ ದೂರು ಕೇಳುವುದೇ ಅದರ ಕಸುಬು: ಲಿಫ್ಟ್ ಕೆಟ್ಟಿದೆ, ಟ್ಯಾಂಕರ್ ಬಂದಿಲ್ಲ, ಮೇಲಿನವರ ಬಾತ್‌ರೂಮ್ ನಮ್ಮ ಮನೆಗೆ ಸೋರುತ್ತಿದೆ. ಉತ್ತರ ಬರೆಯುವವರೆಲ್ಲ ಮನೆಯಲ್ಲೇ ಕೂತು, ವಿಪಿಎನ್ ಎಂಬ ಖಾಸಗಿ ದಾರಿಯಿಂದ ಕಂಪನಿಯ ಲಿನಕ್ಸ್ ಸರ್ವರಿಗೆ ಸೇರಿಕೊಳ್ಳುತ್ತಿದ್ದರು. ಆ ಸರ್ವರನ್ನು ನೋಡಿಕೊಳ್ಳುತ್ತಿದ್ದವಳು ರಾಯಚೂರಿನ ಪ್ರಿಯದರ್ಶಿನಿ.

ಒಂದು ದಿನ ಕೆಂಪರಾಜ್ ಅವಳನ್ನು ಕರೆದರು. "ಯಾರು ಕೆಲಸ ಮಾಡ್ತಾವ್ರೆ, ಯಾರು ನಿದ್ದೆ ಹೊಡೀತಾವ್ರೆ ಒಂದೂ ಗೊತ್ತಾಗ್ತಿಲ್ಲ ಕಣಮ್ಮ. ಏನಾದ್ರೂ ಮಾಡು."

"ಈಗ ಒಳಗೆ ಬಂದವ್ರಿಗೆ ಸರ್ವರ್ ಯಾವ ಐಪಿ ನಂಬರ್ ಖಾಲಿ ಇದ್ಯೋ ಅದನ್ನ ಕೊಡುತ್ತೆ ಸರ್. ಇವತ್ತು ಒಬ್ರದ್ದು, ನಾಳೆ ಇನ್ನೊಬ್ರದ್ದು. ಒಬ್ಬೊಬ್ರಿಗೂ ಒಂದೊಂದು ಖಾಯಂ ಮಾಡಿದ್ರೆ ಯಾರು ಏನ್ಮಾಡಿದ್ರೂ ತಿಳಿಯುತ್ತೆ."

"ಹಂಗೇ ಮಾಡು. ಮೊದಲನೇದು ಭೀಮಾಶಂಕರಂಗೆ. ಅವನಂಥ ಕೆಲಸಗಾರ ಇಲ್ಲ."

ಮಾತು ಸುಳ್ಳಾಗಿರಲಿಲ್ಲ. ಭೀಮಾಶಂಕರನ ಉತ್ತರ ಓದಿದವರ ಸಿಟ್ಟು ತಾನಾಗಿ ಇಳಿಯುತ್ತಿತ್ತು. "ಲಿಫ್ಟ್ ಇನ್ನೂ ಕೆಟ್ಟೇ ಇದೆ, ಆದರೂ ನಿಮ್ಮ ಮಾತಿನಿಂದ ಸಮಾಧಾನವಾಯಿತು" ಎಂದು ಮಹದೇವಪುರದ ಹಿರಿಯರೊಬ್ಬರು ಬರೆದಿದ್ದರು. ಮೀಟಿಂಗಿಗೂ ಅವನು ತಪ್ಪುತ್ತಿರಲಿಲ್ಲ. ಕ್ಯಾಮೆರಾ ಮಾತ್ರ ಯಾವಾಗಲೂ ಕೆಟ್ಟಿರುತ್ತಿತ್ತು.

ಪ್ರಿಯದರ್ಶಿನಿ ಪ್ರತಿಯೊಬ್ಬರ ಹೆಸರಿನಲ್ಲೂ ಸರ್ವರಿನಲ್ಲಿ ಒಂದು ಫೈಲ್ ಮಾಡಿ, ಅದರಲ್ಲಿ ಅವರವರ ಐಪಿ ಬರೆದಳು. ಮೊದಲ ಕೆಲವು ನಂಬರುಗಳನ್ನು ಕಂಪನಿಯ ಯಂತ್ರಗಳಿಗೆ ಬಿಟ್ಟಿದ್ದರಿಂದ ಭೀಮಾಶಂಕರನಿಗೆ ಹತ್ತು ಬಂತು. ಅಲ್ಲಿಯವರೆಗೆ ಒಬ್ಬರ ಲಾಗಿನ್ ಕೀ ಹಿಡಿದು ಎಷ್ಟು ಕಂಪ್ಯೂಟರುಗಳಿಂದ ಬಂದರೂ ಸರ್ವರ್ ಬಿಟ್ಟುಕೊಳ್ಳುತ್ತಿತ್ತು. ಒಂದು ನಂಬರಿನಲ್ಲಿ ಇಬ್ಬರು ಕೂರಲಾಗದಲ್ಲ, ಆ ಸವಲತ್ತನ್ನು ತೆಗೆದಳು.

ಮರುದಿನ ಬೆಳಿಗ್ಗೆ ಭೀಮಾಶಂಕರನ ಫೋನು. "ಅಕ್ಕಾರ, ಕನೆಕ್ಷನ್ ನಿಲ್ಲವಲ್ದು. ಹತ್ತಿದ್ದು ಹತ್ತಿದಂಗ ಕಡೀತೈತಿ."

ಅವಳು ಸರ್ವರಿನ ದಾಖಲೆ ನೋಡಿದಳು. ಎರಡು ಬೇರೆ ಬೇರೆ ಇಂಟರ್ನೆಟ್ ಸಂಪರ್ಕಗಳಿಂದ ಒಂದೇ ಭೀಮಾಶಂಕರ ಬರುತ್ತಿದ್ದ. ಒಬ್ಬ ಒಳಗೆ ಬಂದ ಕೂಡಲೇ ಇನ್ನೊಬ್ಬ ಹೊರಗೆ ಬೀಳುತ್ತಿದ್ದ.

"ಭೀಮಾಶಂಕರ, ಖರೇ ಹೇಳ್ರಿ, ಎಷ್ಟು ಮಂದಿ ಅದೀರಿ ನೀವು?"

ಎಲ್ಲ ಹೊರಬಂತು. ಅವನು ಹಲಸೂರಿನಲ್ಲಿ ಅಣ್ಣನ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್‌ಗಾರ್ಡ್ ಅಂಟಿಸುತ್ತ ಕೂತಿರುತ್ತಿದ್ದ. ಉತ್ತರಗಳನ್ನೆಲ್ಲ ಬರೆಯುತ್ತಿದ್ದವಳು ಟಿನ್ ಫ್ಯಾಕ್ಟರಿ ಹಿಂದಿನ ಬಾಡಿಗೆ ರೂಮಿನಲ್ಲಿದ್ದ ಹೆಂಡತಿ ಕಾವೇರಿ. "ನಾ ಅಂಗಡ್ಯಾಗಿಂದ ಬರೇ ಮೀಟಿಂಗಿಗೆ ಬರ್ತೀನ್ರೀ" ಎಂದ.

ಸುದ್ದಿ ಕೇಳಿ ಕೆಂಪರಾಜ್ ಕೆಂಡವಾದರು. "ಇವತ್ತೇ ಮನೆಗೆ ಕಳಿಸು ಅವನ್ನ!" ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಅಂದ್ರೆ, ಲಿಫ್ಟಿನ ಉತ್ತರ ಆ ಹುಡುಗೀದಾ?"

"ಹೌದು ಸರ್."

ಕುರ್ಚಿ ಎಳೆದು ಕೂತರು. ಮುಖ ನಿಧಾನವಾಗಿ ಅರಳಿತು. "ಒಂದು ಸಂಬಳಕ್ಕೆ ಇಬ್ರು. ನಮಗೇನಮ್ಮ ನಷ್ಟ? ಅವನೊಬ್ಬನಿಗೆ ಮೊದಲಿದ್ದಂಗೇ ಬಿಟ್ಬುಡು."

ಬಿಡುವುದೇನೂ ಕಷ್ಟವಿರಲಿಲ್ಲ. ಒಂದೆರಡು ಸಾಲು ಬದಲಿಸಿದರೆ ಮುಗಿಯುತ್ತಿತ್ತು. ಆದರೆ ಕಾವೇರಿ ಹೆಸರೇ ಇಲ್ಲದೆ ದುಡಿಯುವುದು ಪ್ರಿಯದರ್ಶಿನಿಗೆ ಸರಿಕಾಣಲಿಲ್ಲ. "ಆಗಲ್ಲ ಸರ್. ಸರ್ವರ್ ಒಪ್ಪಲ್ಲ. ಬೇಕಿದ್ರೆ ಅವ್ರನ್ನೂ ಕೆಲಸಕ್ಕೆ ತಗೊಳ್ಳಿ, ಇನ್ನೊಂದು ಐಪಿ ಕೊಡ್ತೀನಿ."

ಹಿಂದೆ ಸೈಟು ವ್ಯಾಪಾರದಲ್ಲಿದ್ದಾಗ ಜಮೀನಿನ ಎಂಥ ತಕರಾರನ್ನೂ ಮಾತಿನಲ್ಲೇ ಬಗೆಹರಿಸುತ್ತಿದ್ದ ಕೆಂಪರಾಜ್‌ಗೆ ಸರ್ವರಿನ ಜೊತೆ ಹೇಗೆ ಮಾತಾಡಬೇಕೆಂದು ತಿಳಿಯಲಿಲ್ಲ. ಒಪ್ಪಿದರು.

ಕಾವೇರಿಗೆ ಸ್ವಂತ ಕೀ, ಸ್ವಂತ ನಂಬರು, ಸ್ವಂತ ಸಂಬಳ ಬಂದವು. ಭೀಮಾಶಂಕರ ತನ್ನ ಉತ್ತರಗಳನ್ನು ತಾನೇ ಬರೆಯಬೇಕಾಯಿತು. ಬಾತ್‌ರೂಮ್ ಸೋರುವ ಮನೆಯವರಿಗೆ ಅವನು ಬರೆದ ಮೊದಲ ಉತ್ತರ: "ನೋಡ್ತೀವಿ." ಅವರು ಮತ್ತೆ ಬರೆದಾಗ, "ಎಷ್ಟು ಸಲ ಹೇಳಬೇಕು?"

ವಾರದೊಳಗೆ ದೂರಿನ ಬಗ್ಗೆಯೇ ದೂರುಗಳು ಬರತೊಡಗಿದವು. ಕೆಂಪರಾಜ್ ತಲೆ ಕೆಡಿಸಿಕೊಂಡು, ಭೀಮಾಶಂಕರನ ಪ್ರತಿ ಉತ್ತರವನ್ನೂ ಕಾವೇರಿ ನೋಡಿದ ಮೇಲೆಯೇ ಕಳಿಸಬೇಕೆಂದು ಆರ್ಡರ್ ಮಾಡಿದರು.

ಅಂದು ಮಧ್ಯಾಹ್ನ ಅವನು ಬರೆದ ಉತ್ತರ ಕಾವೇರಿಯಿಂದ ವಾಪಸ್ ಬಂತು, ಕೆಳಗೊಂದು ಸಾಲು: "ಮನ್ಯಾಗ ನನಗ ಬೈದಂಗ ಬರದೀರಿ. ತಿರುಗಿ ಬರೀರಿ."