ಕಿರುಚದ ಬ್ರೇಕು

"ಇನ್ನೂ ಜೋರಾಗಿ ಒತ್ತಿ ಮಾವ! ಮುದ್ದು ಮಾಡ್ತಾ ಇದ್ದೀರಾ ಅದನ್ನ?"

ಸೊಸೆ ಹಾಗೆ ರೇಗಿಸಿದ್ದೇ ತಡ, ಮಾವ ಹ್ಯಾಂಡಲ್ಲಿನ ಮೇಲೆ ಮೈಭಾರವನ್ನೆಲ್ಲ ಹಾಕಿದರು. ಗುಡ್ಡ ಇಳಿಯುವ ಸೈಕಲ್ಲಿನ ಮುಂದಿನ ಚಕ್ರ ಹಿಡಿದ ಎರಡು ಕೊಳವೆಕಾಲುಗಳು ಉಸ್ಸೆಂದು ಕುಸಿದು ಮತ್ತೆ ಮೇಲೆದ್ದವು. ಹೊಳೆಯುವ ಕೊಳವೆಗಳ ಸುತ್ತ ಕಪ್ಪು ಕೆಸರಿನ ಉಂಗುರ.

"ನೋಡಿ, ಎಷ್ಟು ಕೊಳೆ ಕಕ್ತು! ಸಸ್ಪೆನ್ಷನ್ನನ್ನ ಒಳಗೊಳಗೇ ತಿನ್ನೋದು ಇದೇ." ಅವಳು ಬಟ್ಟೆಯಿಂದ ಒರೆಸಿ, ರಬ್ಬರಿನ ಅಂಚಿಗೆ ಮತ್ತೊಂದು ತೊಟ್ಟು ಎಣ್ಣೆ ಬಿಟ್ಟಳು. ಒಂದೊಂದು ಚಕ್ರದ ನಡುಮಧ್ಯಕ್ಕೂ ಇರುವ ಬ್ರೇಕಿನ ತಟ್ಟೆಗಳಿಗೆ ಮೊದಲೇ ಪ್ಲಾಸ್ಟಿಕ್ ಚೀಲ ಸುತ್ತಿದ್ದಳು. "ಅವು ಹಾಗೇ ಇರ್ಲಿ."

ಯಾಕೆ ಅಂತ ಮಾವ ಕೇಳಲಿಲ್ಲ. ನೀರು ಬೀಳಬಾರದು ಅಂತಿರಬೇಕು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಲೇ ತಲೆ ನರೆತವರು. ಕಬ್ಬಿಣದ ವಿಷಯ ಇನ್ನೊಬ್ಬರನ್ನು ಕೇಳಿ ಅಭ್ಯಾಸವಿಲ್ಲ. ಅದೂ ಅಲ್ಲದೆ, ಗುಡ್ಡ ಇಳಿಯುವ ಈ ಹುಚ್ಚಾಟಕ್ಕಾಗಿ ಸೊಸೆಯ ಜೊತೆ ಮಾತು ಬಿಟ್ಟಿದ್ದವರು ಇವತ್ತು ತಾವಾಗಿಯೇ ಬಂದು ಪಕ್ಕದಲ್ಲಿ ಕೂತಿದ್ದರು. ಬಾಯಿ ಹಾಕಿ ಕೆಡಿಸುವುದು ಬೇಡ ಅನ್ನಿಸಿತ್ತು.

"ಬಟ್ಟೆ ಬದಲಾಯಿಸಿ ಬರ್ತೀನಿ. ಗುಡ್ಡದ ಮೇಲಕ್ಕೆ ಕರ್ಕೊಂಡು ಹೋಗೋ ಜೀಪ್ ಬಂದ್ರೆ ಕೂಗಿ ಮಾವ."

ಕೆಲಸ ಮುಗಿಯಿತಲ್ಲ ಅಂತ ಅವರು ಚೀಲ ಬಿಚ್ಚಿದರು. ಮುಂದಿನ ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಹಿಡಿದರೆ, ಕೀಂಯ್! ದಿನಾ ಬೀದಿಯನ್ನೇ ಎಬ್ಬಿಸುವ ಕಿರುಚಾಟ. ಪಾಪ, ಹುಡುಗಿ ಇದೊಂದನ್ನು ಮರೆತಳಲ್ಲ! ಅವರ ಕೈಗೆ ಬಂದ ಯಾವ ಯಂತ್ರ ಕಿರುಚಿಕೊಂಡೇ ವಾಪಸ್ ಹೋಗಿತ್ತು? ತಟ್ಟೆಯ ಎರಡೂ ಮಗ್ಗುಲಿಗೆ ಎಣ್ಣೆ ಬಿಟ್ಟರು. ಹಿಂದಿನದಕ್ಕೆ ಯಾಕೆ ಅನ್ಯಾಯ ಅಂತ ಅದಕ್ಕೂ ಬಿಟ್ಟರು. ಮೇಲಿನ ಜಿಡ್ಡು ಒರೆಸಿ ಮತ್ತೆ ಬ್ರೇಕ್ ಹಿಡಿದರು. ಚಕ್ರ ಒಂದಿಷ್ಟು ಜಾರಿ, ತೆಪ್ಪಗೆ ನಿಂತಿತು.

ಜೀಪು ಬಂತು. ಗೆಳತಿಯರು ಸೈಕಲ್ಲನ್ನು ಎತ್ತಿ ಹಿಂದಿನ ಕಂಬಿಗೆ ಕಟ್ಟಿದರು.

"ಚೀಲಾನೂ ಬಿಚ್ಚಿಟ್ರಾ? ನಮ್ಮ ಮಾವ ಬಂಗಾರ!" ಎನ್ನುತ್ತ ಸೊಸೆ ಜೀಪು ಹತ್ತಿದಳು.

"ಇನ್ನೊಂದೂ ಮಾಡಿದೀನಿ. ಮೇಲೆ ಹೋದ್ಮೇಲೆ ಗೊತ್ತಾಗುತ್ತೆ" ಎಂದು ಮಾವ ನಕ್ಕರು.

ಬಹಳ ಹೊತ್ತಿನ ಮೇಲೆ ಮಗ ಪಾಳಿ ಮುಗಿಸಿ ಬಂದ. "ಏನಪ್ಪಾ, ಮಾವ-ಸೊಸೆ ರಾಜಿ ಆದ್ರಂತೆ?"

"ರಾಜಿ ಏನು, ಸೈಕಲ್ಲೇ ಹೊಸದು ಮಾಡಿ ಕಳಿಸಿದೀನಿ ಕಣೋ. ಬ್ರೇಕಿಗೂ ಎಣ್ಣೆ ಬಿಟ್ಟೆ. ಇನ್ನು ಕಿರುಚಲ್ಲ."

ಶೂ ಬಿಚ್ಚುತ್ತಿದ್ದ ಮಗನ ಕೈ ನಿಂತಿತು. "ಬ್ರೇಕಲ್ಲಿ ಎಲ್ಲಿಗೆ?"

"ಆ ತಟ್ಟೆಗಳಿಗೆ."

"ಎರಡಕ್ಕೂ?"

ಮಾವ ತಲೆಯಾಡಿಸಿದರು.

"ಅಪ್ಪಾ... ಬ್ರೇಕು ಹಿಡಿಯೋದೇ ಆ ತಟ್ಟೆನ. ಎಣ್ಣೆ ಬಿದ್ರೆ ಜಾರುತ್ತೆ, ನಿಲ್ಲಲ್ಲ. ಅಲ್ಲಿ ಮೊದಲನೇ ತಿರುವಿಗೇ ಕಮರಿ ಇದೆ."

ಫೋನು ಹಚ್ಚಿದ. ಗುಡ್ಡದ ಮೇಲೆ ಸಿಗ್ನಲ್ ಎಲ್ಲಿಂದ ಬರಬೇಕು? ಒಂದೇ ಶೂನಲ್ಲಿ ಸ್ಕೂಟರ್ ಹತ್ತಿ ಹೊರಟೇಬಿಟ್ಟ.

ಮಾವ ಗೇಟಿನವರೆಗೆ ಓಡಿದರು. ಎದುರಿಗೇ ಗುಡ್ಡ. ನೆತ್ತಿಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಜೀಪು ನಿಂತಿತ್ತು. ಸೈಕಲ್ಲಿನವರು ಕೆಳಕ್ಕೆ ಹೊರಟ ಮೇಲೆಯೇ ಅದು ವಾಪಸ್ ತಿರುಗುವುದು ಅಂತ ಅವರಿಗೆ ಗೊತ್ತು. ಕಣ್ಣು ಕಿರಿದು ಮಾಡಿ ನೋಡಿದರು. ಜೀಪು ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಹಿಂದೆ ಸರಿದು, ಮುಖ ತಿರುಗಿಸಿ, ಟಾರು ರಸ್ತೆ ಇಳಿಯತೊಡಗಿತು.

ಖಾಲಿ ಬೀದಿಯಲ್ಲಿ ಮಾವ ಗುಡ್ಡದ ಕಡೆ ಅಂಗೈ ಚಾಚಿ ನಿಂತಿದ್ದರು, ರಸ್ತೆ ದಾಟಲು ಹೊರಟ ಮಗುವನ್ನು ತಡೆಯುವವರ ಹಾಗೆ.