ಎರಡು ಬೆರಳಿನ ಸಡಿಲ

ನೋಟೀಸು ಬಂದ ದಿನ ಟೈಲರಮ್ಮ ಅದನ್ನು ಎರಡು ಸಲ ಓದಿ, ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿ, ಅರ್ಧಕ್ಕೆ ನಿಂತಿದ್ದ ತೋಳನ್ನು ಹೊಲಿಯತೊಡಗಿದರು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಂಡ ತೀರಿಕೊಂಡಾಗಿನಿಂದ, ಅಂದರೆ ಈ ಮೂರು ತಿಂಗಳಿಂದ, ಅವರಿಗೆ ಹೀಗೆಯೇ. ಯಾರು ಏನು ಹೇಳಿದರೂ ಪಕ್ಕದ ಮನೆಯ ರೇಡಿಯೊದಲ್ಲಿ ಹೇಳಿದ ಹಾಗಿರುತ್ತಿತ್ತು.

ಡ್ರಾಯರಿನಿಂದ ಅದನ್ನು ತೆಗೆದು ಓದಿದ ನಾದಿನಿಗೆ ಮಾತ್ರ ಕೈಕಾಲು ಆಡಲಿಲ್ಲ. ಅಣ್ಣ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದವಳು, ಅತ್ತಿಗೆಯೊಬ್ಬಳನ್ನೇ ಬಿಡಲು ಮನಸ್ಸು ಬಾರದೆ ಇಲ್ಲೇ ಉಳಿದಿದ್ದಳು.

"ಅತ್ತಿಗೆ, ಇದನ್ನ ಓದಿದ್ರಾ? ಮೂಟೆನ ಕರ್ಕೊಂಡು ಹೋಗ್ತಾರಂತೆ!"

"ಓದಿದೆ ಕಣೆ."

"ಓದಿ ಸುಮ್ನೆ ಕೂತಿದ್ದೀರಾ?"

"ಕೂತಿಲ್ಲ, ತೋಳು ಹೊಲೀತಿದ್ದೀನಿ."

ಮೂಟೆ ಎಂದರೆ ನಾಯಿ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡ ಆರು ವರ್ಷದ ಹಿಂದೆ ಯಾವುದೋ ಕಟ್ಟಡದ ತಳದಲ್ಲಿ ಸಿಕ್ಕಿದ ಮರಿಯನ್ನು ಸ್ಪ್ಯಾನರ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಬೆಳೆದ ಮೇಲೆ ಅದು ಬಾಗಿಲಿಗಡ್ಡವಾಗಿ ಮಲಗಿದರೆ ಹೆಸರಿಗೆ ತಕ್ಕ ಹಾಗೆಯೇ ಇರುತ್ತಿತ್ತು, ದಾಟದೆ ಗತಿಯಿಲ್ಲ. ಯಾವ ತಳಿ ಎಂದು ಕೇಳಿದವರಿಗೆ ಅವರು "ನಮ್ಮ ತಳಿ" ಎನ್ನುತ್ತಿದ್ದರು. ಈಗ ಹಾಗೆ ಹೇಳುವಂತಿರಲಿಲ್ಲ. ಅಪಾಯಕಾರಿ ತಳಿಗಳ ಕಾನೂನು ಬಂದಿತ್ತು. ಕಾಗದಪತ್ರವಿಲ್ಲದ ಬೆರಕೆ ನಾಯಿಗೆ ಅಳತೆಯೇ ತಳಿ. ಎದೆಯ ಸುತ್ತಳತೆ ಮೂವತ್ತೊಂದು ಇಂಚು ಮೀರಿದರೆ ಅದು ಪಟ್ಟಿಯಲ್ಲಿರುವ ನಾಯಿಯೇ. ಪಟ್ಟಿಯ ನಾಯಿಯನ್ನು ಹತ್ತಾರು ಮನೆಗೆ ಒಂದೇ ಮೆಟ್ಟಿಲಿರುವ ಕಟ್ಟಡದಲ್ಲಿ ಸಾಕುವಂತಿಲ್ಲ, ಪಶು ಇಲಾಖೆಯ ಆಶ್ರಯಕ್ಕೆ ಒಪ್ಪಿಸಬೇಕು. ಇವರ ಮನೆ ಮೂರನೆಯ ಮಹಡಿಯಲ್ಲಿತ್ತು.

ಗಂಡ ಹೋದ ಎರಡನೆಯ ವಾರ ನೋಂದಣಿಯ ಫಾರಂ ಬಂದಿತ್ತು. ಅದರಲ್ಲಿ ಮಿತಿ ಎಷ್ಟೆಂದು ಬರೆದಿರಲಿಲ್ಲ, ಖಾಲಿ ಗೆರೆಗಳಿದ್ದವು ಅಷ್ಟೆ. ಟೈಲರಮ್ಮ ಕೊರಳಿಗೆ ನೇತುಹಾಕಿಕೊಂಡಿದ್ದ ಟೇಪನ್ನು ತೆಗೆದು ಮೂಟೆಯನ್ನು ಅಳೆದು, ಮೂವತ್ತಮೂರು ಎಂದು ಬರೆದು, ಸಹಿ ಹಾಕಿ ಕಳಿಸಿದ್ದರು. ಅದೇ ಅಂಕಿ ಈಗ ನೋಟೀಸಿನಲ್ಲಿ ಮರಳಿ ಬಂದಿತ್ತು.

ಒಪ್ಪಿಸಬೇಕಾದ ದಿನ ನಾಳೆ ಎನ್ನುವಾಗ, ಮಧ್ಯಾಹ್ನ, ಟೈಲರಮ್ಮ ಗಂಡನ ಬೂದುಬಣ್ಣದ ಉಣ್ಣೆಯ ಕೋಟನ್ನು ಹೊರತೆಗೆದು ಹೊಲಿಗೆ ಬಿಚ್ಚತೊಡಗಿದರು.

"ಇದ್ಯಾಕೆ ಬಿಚ್ತಿದ್ದೀರಿ?"

"ಅಲ್ಲಿ ನೆಲ ಸಿಮೆಂಟಿನದ್ದಂತೆ. ಮೂಟೆಗೊಂದು ಕವಚ ಹೊಲಿದು ಕಳಿಸ್ತೀನಿ."

ನಾದಿನಿ ಎದುರಿಗೆ ಕೂತು, ಇನ್ನೊಂದು ತೋಳಿನ ಹೊಲಿಗೆ ಬಿಚ್ಚಿಕೊಟ್ಟಳು.

ಮತ್ತೆ ಅಳೆಯುವ ಗೋಜಿಗೆ ಹೋಗಲಿಲ್ಲ. ಫಾರಂನ ಪ್ರತಿ ಇತ್ತಲ್ಲ. ಕವಚ ಮೈಗೆ ಕಚ್ಚಿಕೊಂಡು ಕೂರಬೇಕು, ಇಲ್ಲವಾದರೆ ಬೇರೆ ನಾಯಿಗಳು ಎಳೆದು ಹಾಕುತ್ತವೆ ಎಂದು ಸರಿಯಾಗಿ ಮೂವತ್ತಮೂರಕ್ಕೇ ಕತ್ತರಿಸಿ ಹೊಲಿದರು. ಸಂಜೆಯ ಹೊತ್ತಿಗೆ ಮೂಟೆಯನ್ನು ನಿಲ್ಲಿಸಿ ತೊಡಿಸಿದರು. ಕವಚ ಹೊಟ್ಟೆಯ ಕೆಳಗೆ ಜೋಲಿಯ ಹಾಗೆ ಜೋತುಬಿತ್ತು.

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಅತ್ತಿಗೆ, ಇದು ನಾಯಿಗೆ ಹೊಲಿದದ್ದೋ, ಎಮ್ಮೆಗೋ? ಒಳಗೆ ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಹುದು."

ಟೈಲರಮ್ಮ ನಗಲಿಲ್ಲ. ನಲವತ್ತು ವರ್ಷದಲ್ಲಿ ಅವರು ಗಿರಾಕಿಗಳಿಗೆ ಹೊಲಿದದ್ದು ಒಂದೂ ಹೀಗೆ ಜೋತುಬಿದ್ದದ್ದಿಲ್ಲ. ಟೇಪು ತೆಗೆದು ಮೂಟೆಯ ಎದೆಗೆ ಸುತ್ತಿದರು. ಆಗ ತಮ್ಮ ಎಡಗೈಯ ಎರಡು ಬೆರಳುಗಳು ಕಂಡವು. ಯಾರೂ ಹೇಳದೆಯೇ ಅವು ಟೇಪಿನ ಕೆಳಗೆ ಹೋಗಿ ಎದ್ದು ನಿಂತಿದ್ದವು.

ಉಸಿರಾಡಲು ಎರಡು ಬೆರಳಿನ ಸಡಿಲ, ಬರೆಯುವಾಗ ಮೇಲೊಂದು ಇಂಚು. ಹದಿನೆಂಟನೆಯ ವಯಸ್ಸಿನಲ್ಲಿ ಕಲಿತದ್ದು. ಮದುಮಗನಿಗೂ ಅಷ್ಟೆ, ಮಗುವಿಗೂ ಅಷ್ಟೆ. ಕೈ ಅದನ್ನು ತಾನೇ ಮಾಡುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ. ಆ ವಾರವಂತೂ ಕೇಳಿದ್ದರೂ ಉತ್ತರ ಕೊಡಲು ತಲೆ ಅಲ್ಲಿರಲಿಲ್ಲ.

"ನಾನೇ ಕಣೆ," ಎಂದರು ಮೆಲ್ಲಗೆ. "ನಾಯಿಯ ಅಳತೆ ಬರೀಲಿಲ್ಲ. ಬಟ್ಟೆಯ ಅಳತೆ ಬರೆದುಬಿಟ್ಟೆ."

ಮರುದಿನ ಹತ್ತು ಗಂಟೆಗೆ ಮೂವರೂ ಇಲಾಖೆಯ ಕಚೇರಿಯಲ್ಲಿದ್ದರು. ಮೂಟೆ ಕವಚ ತೊಟ್ಟೇ ಬಂದಿತ್ತು. ಕಿಟಕಿಯ ಹಿಂದಿನ ಗುಮಾಸ್ತ ಕಡತ ತಿರುಗಿಸಿ ತೋರಿಸಿದ.

"ಸಹಿ ನಿಮ್ಮದೇ ತಾನೆ?"

"ನನ್ನದೇ. ಅಂಕಿ ತಪ್ಪು."

"ನೋಟೀಸು ಬಂದ ಮೇಲೆ ಎಲ್ಲರ ಅಂಕಿಯೂ ತಪ್ಪೇ ಆಗುತ್ತಮ್ಮ. ಮೊನ್ನೆ ಒಬ್ಬರು ಬಂದು ಅದು ನಾಯಿನೇ ಅಲ್ಲ ಅಂದ್ರು."

"ಇವರು ಟೈಲರ್ ಸ್ವಾಮಿ," ನಾದಿನಿ ಮುಂದೆ ಬಂದಳು. "ಕಂಬಕ್ಕೆ ಅಂಗಿ ಹೊಲಿ ಅಂದ್ರೂ ಉಸಿರಾಡಲಿ ಅಂತ ಎರಡು ಬೆರಳು ಸಡಿಲ ಬಿಡ್ತಾರೆ. ಬೇಕಾದ್ರೆ ಆ ಕವಚ ನೋಡಿ."

ಗುಮಾಸ್ತ ಎದ್ದು ನಿಂತು ಕಿಟಕಿಯಿಂದ ಬಗ್ಗಿ ನೋಡಿದ. ಜೋತುಬಿದ್ದ ಕವಚದೊಳಗಿಂದ ಮೂಟೆಯೂ ಅವನನ್ನು ನೋಡಿತು. ಅವನು ಒಳಗೆ ಹೋಗಿ ಪಶುವೈದ್ಯೆಯನ್ನು ಕರೆದುತಂದ. ಬರುವಾಗ ಟೈಲರಮ್ಮನಿಗೊಂದು ಸ್ಟೂಲನ್ನೂ ತಂದ.

ಡಾಕ್ಟರಮ್ಮ ಟೇಪು ಹಿಡಿದು ಬಗ್ಗುತ್ತಲೇ ಮೂಟೆ ಗಂಟಲಿನಲ್ಲಿ ಸಣ್ಣಗೆ ಗುರ್ ಎಂದಿತು. ಎಲ್ಲರೂ ನಿಂತಲ್ಲೇ ನಿಂತರು. ಕಚೇರಿಯಲ್ಲಿ ಗುರುಗುಟ್ಟಿದ ಇಲ್ಲವೇ ಹಲ್ಲು ತೋರಿಸಿದ ನಾಯಿಯನ್ನು ಅಳತೆ ಎಷ್ಟೇ ಇರಲಿ ಪಟ್ಟಿಗೆ ಸೇರಿಸಬಹುದೆಂದು ಗೋಡೆಯ ಮೇಲೆ ಬರೆದಿತ್ತು. ಡಾಕ್ಟರಮ್ಮ ಗೋಡೆಯ ಕಡೆ ನೋಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಟೇಪನ್ನು ಟೈಲರಮ್ಮನ ಕಡೆ ಚಾಚಿದರು.

"ನಾನು ಹೊಸಬಳಲ್ವಾ, ಅವನಿಗೆ ಗಾಬರಿ. ನೀವೇ ಹಿಡೀರಿ. ಅಂಕಿ ನಾನು ಓದ್ತೀನಿ."

ನಾದಿನಿ ಕವಚ ಕಳಚಿದಳು. ಟೈಲರಮ್ಮ ಮೊಣಕಾಲೂರಿ ಟೇಪು ಸುತ್ತಿದರು.

"ಬೆರಳು ತೆಗೀರಿ ಅಮ್ಮ."

ಬೆರಳುಗಳು ಮತ್ತೆ ಅಲ್ಲಿದ್ದವು. ಟೈಲರಮ್ಮ ಅವುಗಳನ್ನೇ ನೋಡಿದರು. ಕೊನೆಯ ವರ್ಷ ಗಂಡನಿಗೆ ಮೂರು ಅಂಗಿ ಹೊಲಿದಿದ್ದರು, ಮೂರೂ ಹಳೆಯ ಅಳತೆಗೆ. ಅವರು ಒಳಗೆ ಕರಗುತ್ತಾ ಹೋದರೂ ಇವರು ಟೇಪನ್ನು ಬಿಗಿಹಿಡಿಯಲೇ ಇಲ್ಲ. "ಗಾಳಿ ಚೆನ್ನಾಗಿ ಆಡುತ್ತೆ ಬಿಡು," ಎಂದು ಅವರೂ ತೊಡುತ್ತಿದ್ದರು.

ಒಂದು ಬೆರಳು ತೆಗೆದರು. ಆಮೇಲೆ ಇನ್ನೊಂದು. ಟೇಪು ಮೂಟೆಯ ಮೈಗೆ ಅಂಟಿಕೊಂಡಿತು. ಅದರ ಅಡಿಯಲ್ಲಿ ಎದೆ ಏರಿ ಇಳಿಯುತ್ತಿತ್ತು, ಬೆಚ್ಚಗಿತ್ತು.

ಡಾಕ್ಟರಮ್ಮ ಬಗ್ಗಿ ಓದಿದರು. "ಮೂವತ್ತೂವರೆ." ಉಸಿರು ಬಿಡುವವರೆಗೆ ಕಾದು ಮತ್ತೊಮ್ಮೆ ಓದಿ, "ಮೂವತ್ತೂವರೆಯೇ," ಎಂದು ಗುಮಾಸ್ತನಿಗೆ ಹೇಳಿದರು. ಅವನು ಹಳೆಯ ಅಂಕಿಯ ಮೇಲೆ ಗೆರೆ ಎಳೆದು ಠಸ್ಸೆ ಒತ್ತಿದ. "ವರ್ಷಕ್ಕೊಂದು ಸಲ ಬಂದು ಅಳತೆ ಕೊಡಬೇಕು," ಎಂದ. ಗುರ್ ಎಂದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಟೈಲರಮ್ಮ ತಮ್ಮೊಳಗೆ ಸಂತೋಷವನ್ನು ಹುಡುಕಿದರು. ಸಿಗಲಿಲ್ಲ. ಮೊಣಕಾಲು ನೋಯುತ್ತಿತ್ತು, ಅದೊಂದು ಗೊತ್ತಾಗುತ್ತಿತ್ತು.

ದಾರಿಯುದ್ದಕ್ಕೂ ನಾದಿನಿಯೇ ಮಾತಾಡಿದಳು. ಮನೆಗೆ ಬಂದ ಮೂಟೆ ಎಂದಿನ ಹಾಗೆ ಬಾಗಿಲಿಗಡ್ಡವಾಗಿ ಬಿದ್ದುಕೊಂಡಿತು. ನಾದಿನಿ ಅದರ ಮೇಲೆ ಕವಚ ಹೊದಿಸಿದಳು.

"ಇನ್ನಾದ್ರೂ ಇದನ್ನ ಹಿಡಿದು ಹೊಲೀರಿ. ನೋಡೋಕೆ ಆಗಲ್ಲ."

"ಇರಲಿ ಬಿಡೆ. ಚಳಿಗಾಲಕ್ಕೆ ಮೈ ತುಂಬ್ಕೊಳ್ತಾನೆ."

ನಾದಿನಿ ನಿಂತಲ್ಲೇ ತಿರುಗಿದಳು. "ಮೈ ತುಂಬ್ಕೊಳ್ಳೋದಾ? ಅತ್ತಿಗೆ! ಅರ್ಧ ಇಂಚು ಅಷ್ಟೇ ಉಳಿದಿರೋದು! ಇವತ್ತಿಂದ ಇವನಿಗೆ ಒಂದೇ ಹೊತ್ತು ಊಟ. ಕೇಳಿಸ್ತೇನೋ ಮೂಟೆ, ನಿನ್ನ ಊಟಕ್ಕೂ ಕಾನೂನು ಬಂತು."

ಟೈಲರಮ್ಮನ ಮೂಗಿನಿಂದ ಏನೋ ಸಣ್ಣ ಸದ್ದು ಹೊರಟಿತು. ನಗುವೆಂದು ಹೇಳುವಷ್ಟೇನೂ ಇರಲಿಲ್ಲ. ಮೂಟೆ ಮಾತ್ರ ತಲೆಯೆತ್ತಿ ಅವರನ್ನು ನೋಡಿತು, ಬಾಲವನ್ನು ನೆಲಕ್ಕೆ ಒಂದು ಸಲ ಬಡಿದು ಮತ್ತೆ ಮಲಗಿತು.