ಕೆಂಪಿಯನ್ನು ಹೂಡಿ ನೋಡಿದ್ದು

ಹಾವೇರಿಯ ದನದ ಸಂತೆಯಲ್ಲಿ ಕೊಟ್ರಪ್ಪ ದಲಾಲಿಗೆ ನಿಂತು ಮೂವತ್ತೆಂಟು ವರ್ಷವಾಗಿತ್ತು. ಎತ್ತು, ಎಮ್ಮೆ, ಹೋರಿ, ಒಮ್ಮೆ ಗುತ್ತಲದ ಕಡೆಯ ಒಂದು ಕುದುರೆ, ಇಷ್ಟಕ್ಕೆ ಅವನು ಟವೆಲ್ಲು ಹಾಸಿದ್ದ. ಆ ಟವೆಲ್ಲಿನ ಕೆಳಗೆ ಕೊಳ್ಳುವವನ ಬೆರಳನ್ನೂ ಮಾರುವವನ ಬೆರಳನ್ನೂ ಬೇರೆ ಬೇರೆಯಾಗಿ ಹಿಡಿದು ಬೆಲೆ ಕುದುರಿಸುತ್ತಿದ್ದ. ಕತ್ತಿಗೆ ಅದನ್ನು ಹಾಸಬೇಕಾಗಿ ಬಂದದ್ದು ಇದೇ ಮೊದಲು. ಅದೂ ಕೈಗೆ ಸಿಗದ ಕತ್ತಿ.

"ಎಷ್ಟು ತೂಕ ಐತಿ ಅದು?" ಎಂದು ಕೇಳಿದ.

"ತೂಕ ಎಲ್ಲೀದು ಕಾಕಾ? ಫೋನಿನಾಗ ಐತಿ," ಎಂದಳು ಅಂಜಲಿ.

ಸಂತೆಯ ಗದ್ದಲ ಇಳಿದಿತ್ತು. ಮಾರಾಟವಾಗದ ನಾಲ್ಕಾರು ಎತ್ತುಗಳು ಬೇವಿನ ಮರದ ಕೆಳಗೆ ಮೆಲುಕು ಹಾಕುತ್ತಿದ್ದವು. ಮಹಮ್ಮದ್ ಹನೀಫ್‌ನ ಚಹಾದಂಗಡಿಯ ತಗಡಿನ ನೆರಳಲ್ಲಿ ಎರಡು ಬೆಂಚು ಎದುರುಬದುರು. ಒಂದರಲ್ಲಿ ಅಂಜಲಿ, ಇನ್ನೊಂದರಲ್ಲಿ ದುರುಗೇಶ. ನಡುವೆ ಕುರ್ಚಿಯಲ್ಲಿ ಕೊಟ್ರಪ್ಪ.

ಅಂಜಲಿ ಬ್ಯಾಡಗಿಯವಳು, ಇಪ್ಪತ್ತನಾಲ್ಕು ವರ್ಷದವಳು. ಆರು ವರ್ಷದಿಂದ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿ ಅವಳದು. ಹೆಬ್ಬೆರಳಿನ ತುದಿ ಖಾರ ಕುಡಿದು ಚರ್ಮದ ಪಟ್ಟಿಯಂತಾಗಿತ್ತು. ಸಂಜೆ ಮನೆಗೆ ಹೋದವಳು ಫೋನಿನಲ್ಲಿ ಆಟ ಆಡುತ್ತಿದ್ದಳು. ಎಲ್ಲೆಲ್ಲಿಯೋ ಕುಳಿತ ಸಾವಿರಾರು ಜನ ಒಂದೇ ಬಯಲಿನಲ್ಲಿ ಸೇರಿ ಕಾದುವ ಆಟ. ಎರಡು ವರ್ಷ ಕಾದಾಡಿ ಗೆದ್ದು ಅವಳು ಒಂದು ಕತ್ತಿ ಪಡೆದಿದ್ದಳು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿತ್ತು. ಅವಳು ಕರೆಯುತ್ತಿದ್ದದ್ದು ಕೆಂಪಿ ಎಂದು.

ಕೆಂಪಿಯನ್ನು ಮಾರಲು ಕಾರಣವಿತ್ತು. ಬ್ಯಾಡಗಿಯ ಉಡಚವ್ವ ತನ್ನ ಖಾರ ಕುಟ್ಟುವ ಯಂತ್ರವನ್ನು ಅರವತ್ತು ಸಾವಿರಕ್ಕೆ ಕೊಡುತ್ತೇನೆಂದಿದ್ದಳು. ಇವತ್ತು ಸಂಜೆಯ ಒಳಗೆ ರೊಕ್ಕ ಬಂದರೆ ಅಂಜಲಿಗೆ, ಇಲ್ಲದಿದ್ದರೆ ಮೋಟೆಬೆನ್ನೂರಿನವರಿಗೆ. ಯಂತ್ರ ಬಂದರೆ ಇನ್ನೊಬ್ಬರ ಅಂಗಳದಲ್ಲಿ ಕುಳಿತು ತೊಟ್ಟು ಮುರಿಯುವುದು ತಪ್ಪುತ್ತಿತ್ತು.

"ಮೊದಲೊಮ್ಮೆ ಒಂದು ಢಾಲು ಮಾರಿದ್ದೆ ಕಾಕಾ. ಮಾಲು ತಗೊಂಡ, ರೊಕ್ಕ ಕೊಡಲಿಲ್ಲ. ಕಂಪನಿಯವರಿಗೆ ಹೇಳಾಕೂ ಬರಂಗಿಲ್ಲ. ರೊಕ್ಕಕ್ಕ ಮಾರೂದನ್ನ ಅವರು ಒಪ್ಪಂಗಿಲ್ಲ. ಅದಕ್ಕ ನಿಮ್ಮ ಹಂತ್ಯಾಕ ಬಂದೇನಿ," ಎಂದಳು ಅಂಜಲಿ.

ಹೋದ ವರ್ಷ ಅವಳ ತಾಯಿ ಮರಿಯವ್ವನ ಎಮ್ಮೆಯನ್ನು ಕೊಟ್ರಪ್ಪನೇ ಮಾರಿಸಿಕೊಟ್ಟಿದ್ದ. ಅದರ ಒಂದು ಮೊಲೆ ಬತ್ತಿದ್ದನ್ನು ಕೊಳ್ಳುವವನಿಗೆ ತಾನೇ ತೋರಿಸಿ ಎರಡು ಸಾವಿರ ಇಳಿಸಿದ್ದ. ಮರಿಯವ್ವ ಬಸ್ಸು ಹತ್ತುವ ತನಕ ಅವನನ್ನು ಬೈದಿದ್ದಳು. ಅಂಜಲಿ ಬೈದಿರಲಿಲ್ಲ. ನೆನಪಿನಲ್ಲಿಟ್ಟುಕೊಂಡಿದ್ದಳು.

ಕತ್ತಿ ಕೊಳ್ಳಲು ಬಂದ ದುರುಗೇಶ ರಾಣೆಬೆನ್ನೂರಿನವನು. ಬೀಜದ ಅಂಗಡಿ ಇತ್ತು. ತಂಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಬೈಕಿನ ಚಾವಿಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತಿದ್ದ. ಟವೆಲ್ಲಿನ ಕೆಳಗೆ ಬೆಲೆ ಅರವತ್ತು ಸಾವಿರಕ್ಕೆ ನಿಂತಿತ್ತು. ನೋಟುಗಳನ್ನು ಕೊಟ್ರಪ್ಪ ಸೊಂಟದ ಚೀಲದಲ್ಲಿ ಹಾಕಿ ಗಂಟು ಬಿಗಿದಿದ್ದ. ಫೋನಿನ ಮೇಲೆ ಬರುವ ರೊಕ್ಕಕ್ಕೆ ಅವನು ದಲಾಲಿ ಮಾಡುವವನಲ್ಲ.

"ಇನ್ನ ಹೂಡಿ ನೋಡೂಣು," ಎಂದ ಕೊಟ್ರಪ್ಪ.

"ಏನು ಹೂಡೂದ್ರಿ?"

"ಮಾಲು. ಎತ್ತು ತಗೊಳ್ಳಾಂವ ಬಂಡಿಗೆ ಹೂಡಿ ನೋಡಂಗಿಲ್ಲೇನು? ಹಂಗ."

ದುರುಗೇಶ ಕೈ ಬೀಸಿದ. "ಬ್ಯಾಡ ಬಿಡ್ರಿ ಕಾಕಾ. ನನಗ ನಂಬಿಕಿ ಐತಿ. ಲಗೂ ಮುಗಸ್ರಿ."

ಹೂಡಿ ನೋಡಲು ಒಲ್ಲೆನೆನ್ನುವ ಮಾರಾಟಗಾರರನ್ನು ಕೊಟ್ರಪ್ಪ ಕಂಡಿದ್ದ. ಒಲ್ಲೆನೆನ್ನುವ ಗಿರಾಕಿಯನ್ನು ಕಂಡಿರಲಿಲ್ಲ. ನಾಳೆ ಮಾಲು ಚಲೋ ಇಲ್ಲವೆಂದು ಇವನು ತಕರಾರು ತೆಗೆದರೆ ಬರುವುದು ತನ್ನ ಹೆಸರಿಗೆ.

"ಹೂಡದ ಮಾಲಿಗೆ ನಾ ಟವೆಲ್ಲು ಹಾಸಾಂವಲ್ಲ," ಎಂದ.

"ಹಂಗಾದ್ರ ಗರಡಿಯಾಗ ನೋಡ್ಲಿ ಕಾಕಾ," ಎಂದಳು ಅಂಜಲಿ. "ಆಟದಾಗ ಗರಡಿ ಅಂತ ಒಂದು ಜಾಗಾ ಐತಿ. ಅಲ್ಲಿ ಸೋತ್ರೂ ಏನೂ ಹೋಗಂಗಿಲ್ಲ."

"ಸಂತ್ಯಾಗ ಕಟ್ಟಿದಾಗ ಎಲ್ಲಾ ಎತ್ತೂ ಚಲೋನ ಕಾಣತಾವ ತಂಗಿ. ಖರೇ ಕಾದೂ ಜಾಗಾ ಯಾವುದು?"

"ಬಯಲು. ಆದ್ರ ಅಲ್ಲಿ ಸತ್ರ ಕೈಯಾಗಿದ್ದದ್ದು ಬೀಳತೈತಿ. ಹೊಡದಾಂವ ಎತ್ತಿಕೊಂಡು ಹೋಗ್ತಾನ. ಮುಂದ ಅದು ಅವನದ."

"ಹೂಡಿದಾಗ ಎತ್ತಿನ ಕಾಲೂ ಮುರೀತಾವ. ಹಂಗಂತ ಯಾರಾರ ಬಿಟ್ಟಾರೇನು? ಒಲ್ಲೆ ಅನ್ನವರ ಮಾಲಿನಾಗ ಏನರೆ ಐಬು ಇರತೈತಿ."

ಅಂಜಲಿಯ ಮುಖ ಕೆಂಪಾಯಿತು. "ನನ್ನ ಕೆಂಪಿಯಾಗ ಐಬಿಲ್ಲ."

"ಹಂಗಾದ್ರ ಕೊಡು ಅವಗ."

ದುರುಗೇಶ ಚಾವಿ ತಿರುಗಿಸುವುದನ್ನು ನಿಲ್ಲಿಸಿದ. "ಹೂಡಿದ ಮ್ಯಾಲ ಬೆಲಿ ಇಳಿಸಾಕ ಬರತೈತೇನ್ರಿ?"

"ಬರತೈತಿ. ಹೂಡೂಕಿಂತ ಮೊದಲಿನ ಬೆಲಿಗೆ ಯಾರೂ ಗಂಟುಬಿದ್ದಿರಂಗಿಲ್ಲ. ಇಬ್ಬರೂ ಹೊಸದಾಗಿ ಹೇಳಬಹುದು. ಇದು ಇಲ್ಲಿ ರಿವಾಜು."

ಇಳಿಸಬಹುದು ಎಂದದ್ದೇ ದುರುಗೇಶನಿಗೆ ಹುರುಪು ಬಂತು. "ನನ್ನ ಮೈಮ್ಯಾಗ ಇಪ್ಪತ್ತು ಸಾವಿರದ ಕವಚ ಐತಿ. ಕೊಂಡೇನಿ. ಯಾವ ಮಗಾ ಏನು ಮಾಡತಾನ? ಕೊಡಬೇ ಅಂಜಲವ್ವ."

ಅವಳ ಫೋನಿನಿಂದ ಇವನ ಫೋನಿಗೆ ಕತ್ತಿ ಹೋಯಿತು. ಕೊಟ್ರಪ್ಪ ಕುರ್ಚಿ ಎಳೆದುಕೊಂಡು ಬಗ್ಗಿದ. ಹಸಿರು ಬಯಲು, ಅಲ್ಲಲ್ಲಿ ಬಂಡೆ, ನಡುವೆ ಹೊಳೆಯುವ ಕವಚ ತೊಟ್ಟ ಒಬ್ಬ ಆಳು. ಅವನ ಕೈಯಲ್ಲಿ ಕೆಂಪಿ, ಕುಲುಮೆಯಿಂದ ಈಗಷ್ಟೇ ತೆಗೆದ ಕಬ್ಬಿಣದಂತೆ. ಹಿಡಿಗೆ ಕೆಂಪು ದಾರದ ಗೊಂಡೆ. ಚಂದ ಇತ್ತು ಎಂದು ಕೊಟ್ರಪ್ಪನಿಗೆ ಅನ್ನಿಸಿತು.

ಹನೀಫ್ ಚಹಾ ಸೋಸಲು ಪಾತ್ರೆ ಎತ್ತಿದ. ಬಂಡೆಯ ಹಿಂದಿನಿಂದ ಕರಿಯ ಅಂಗಿಯವನೊಬ್ಬ ಹಾರಿ ಬಂದ. ದುರುಗೇಶ "ಏ, ಏ, ಏ," ಎಂದ. ಕೆಂಪಿ ಒಮ್ಮೆ ಗಾಳಿಗೆ ಬೀಸಿತು. ಆಮೇಲೆ ಹೊಳೆಯುವ ಕವಚದ ಆಳು ಮಗುಚಿಕೊಂಡು ಬಿದ್ದಿದ್ದ. ಹನೀಫನ ಪಾತ್ರೆ ಇನ್ನೂ ಎತ್ತಿದ ಕೈಯಲ್ಲೇ ಇತ್ತು.

ಕರಿಯ ಅಂಗಿಯವನು ಬಗ್ಗಿ ಕತ್ತಿಯನ್ನು ಎತ್ತಿಕೊಂಡ. ಅಷ್ಟೇ. ರಕ್ತವಿಲ್ಲ, ಸದ್ದಿಲ್ಲ. ಬೇವಿನ ಮರದ ಕೆಳಗಿನ ಎತ್ತೊಂದು ಬಾಲ ಬೀಸಿ ನೊಣ ಓಡಿಸಿತು.

"ಹೋತೇನು?" ಎಂದ ಕೊಟ್ರಪ್ಪ.

ಅಂಜಲಿ ಪರದೆಯನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು.

ಕೊಟ್ರಪ್ಪನಿಗೆ ಹಳೆಯದೊಂದು ನೆನಪಾಯಿತು. ಬಹಳ ವರ್ಷದ ಹಿಂದೆ ಐರಣಿಯ ಒಬ್ಬನ ಎತ್ತು ಹೂಡಿ ನೋಡುವಾಗ ಗಟಾರಿಗೆ ಜಾರಿ ಕಾಲು ಮುರಿದುಕೊಂಡಿತ್ತು. ಹೂಡೆಂದು ಹಟ ಹಿಡಿದವನೇ ಪೂರಾ ರೊಕ್ಕ ಕಟ್ಟಬೇಕೆಂದು ಆ ದಿನ ನ್ಯಾಯ ಹೇಳಿದವನು ಇದೇ ಕೊಟ್ರಪ್ಪ. ಇವತ್ತು ಹೂಡೆಂದವನು ಗಿರಾಕಿಯಲ್ಲ. ಅಂಜಲಿಯೂ ಅಲ್ಲ. ತಾನೇ. ಹೊಸರಿತ್ತಿಯ ತನ್ನ ಕೊಟ್ಟಿಗೆಯಲ್ಲಿ ಕಟ್ಟಿದ, ಈ ರೊಕ್ಕಕ್ಕಾಗಿ ಮಾರಬೇಕಾದ ಜೋಡಿ ಹೋರಿಗರುಗಳು ಕಣ್ಣಮುಂದೆ ಬಂದು ನಿಂತವು.

ಅಷ್ಟರಲ್ಲಿ ದುರುಗೇಶನ ಫೋನಿನ ಮೇಲೆ ಅಕ್ಷರ ಮೂಡಿದವು. ಅವನು ಓದಿ ಫಕ್ಕನೆ ನಕ್ಕ.

"ಕಾಕಾ! ಈ ಮಗಾ ಮಾರಾಕ ಹೊಂಟಾನ. ನಲವತ್ತು ಸಾವಿರ ಅಂತ. ನನ್ನ ರೊಕ್ಕ ಕೊಡ್ರಿ, ಅವನ ಕಡಿಂದನ ತಗೋತೇನಿ. ಇಪ್ಪತ್ತು ಸಾವಿರ ಉಳೀತು!"

ಹನೀಫ್ ಪಾತ್ರೆಯನ್ನು ಕುಕ್ಕಿದ. "ಏ ತಮ್ಮಾ, ಮಾಲಕಿ ನಿನ್ನ ಮುಂದ ಕುಂತಾಳ. ನಾಚಿಕಿ ಅನ್ನೂದು ರಾಣೆಬೆನ್ನೂರಾಗ ಸಿಗಂಗಿಲ್ಲೇನು?"

"ಆಟದ ರೂಲ್ಸ್ ಚಾಚಾ. ಹೊಡದಾಂವ ಮಾಲಕ. ನಾ ಏನು ಕಳುವು ಮಾಡೇನಿ? ಅಕಿನ್ನ ಕೇಳು."

ಹನೀಫ್ ಅಂಜಲಿಯ ಕಡೆ ನೋಡಿದ. ಅವಳು ಹೌದೆಂಬಂತೆ ತಲೆಯಾಡಿಸಿದಳು.

ಕಳುವಿನ ಎತ್ತು ಸಂತೆಗೆ ಬಂದದ್ದನ್ನು ಕೊಟ್ರಪ್ಪ ನೋಡಿದ್ದ. ಹಿಡಿದು ಪೊಲೀಸರಿಗೂ ಕೊಟ್ಟಿದ್ದ. ಆದರೆ ಕಳೆದುಕೊಂಡವಳು ಎದುರು ಕುಳಿತಿರುವಾಗಲೇ ಒಯ್ದವನ ಜೊತೆ ಚೌಕಾಸಿ, ಅದನ್ನು ಕಳೆದುಕೊಂಡವಳೇ ಸರಿಯೆನ್ನುವುದು! ರೊಕ್ಕವಂತೂ ದುರುಗೇಶನದೇ. ಕೇಳಿದರೆ ಕೊಡಬೇಕು. ಅವನು ಸೊಂಟದ ಗಂಟಿಗೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು, ಬಿಚ್ಚಲಿಲ್ಲ.

"ಇರ್ರಿ ಕಾಕಾ," ಎಂದಳು ಅಂಜಲಿ. "ಗಂಟು ಬಿಚ್ಚಬ್ಯಾಡ್ರಿ. ಐದು ನಿಮಿಷ."

ಅವಳು ತನ್ನ ಫೋನು ಎತ್ತಿಕೊಂಡಿದ್ದಳು. ಅದರ ಬಯಲಿನಲ್ಲಿ ಈಗ ಒಬ್ಬ ಹೆಣ್ಣಾಳು ನಿಂತಿದ್ದಳು. ಕವಚವಿಲ್ಲ. ಕೈಯಲ್ಲಿ ಒಂದು ಕುಡುಗೋಲು, ಆಟಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಪುಕ್ಕಟೆ ಕೊಡುವಂಥದ್ದು. ಅಂಜಲಿ ಏನೋ ಬರೆದಳು.

"ಏನಂತ ಬರದಿ?" ಎಂದ ಹನೀಫ್.

"ಹಿಡಿಯಾಕ ಬರತೈತೋ ಬರೇ ಮಾರಾಕ ಬರತೈತೋ, ಅಂತ."

ಕರಿಯ ಅಂಗಿಯವನು ಬಂದ. ಬಾರದೆ ಏನು ಮಾಡಿಯಾನು? ಅವನ ಕೈಯಲ್ಲಿ ಕೆಂಪಿ ಇತ್ತು, ಇವಳ ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲು.

ಕೊಟ್ರಪ್ಪ ಪರದೆಯ ಜೊತೆಗೆ ಅವಳ ಹೆಬ್ಬೆರಳನ್ನೂ ನೋಡತೊಡಗಿದ. ತೊಟ್ಟು ಮುರಿಯುವ ಹೆಣ್ಣುಮಕ್ಕಳ ಹೆಬ್ಬೆರಳನ್ನು ಅವನು ಬ್ಯಾಡಗಿಯಲ್ಲಿ ನೋಡಿದ್ದ. ಕಣ್ಣು ಒಂದು ಕಡೆ, ಮಾತು ಒಂದು ಕಡೆ, ಬೆರಳಿನ ಕೆಲಸ ತಾನೇ ತಾನಾಗಿ. ಇದೂ ಹಾಗೇ ಇತ್ತು. ಚಟ್, ಚಟ್, ಚಟ್. ಅವಳು ಹೊಡೆಯಲಿಲ್ಲ. ಹಿಂದೆ ಸರಿದಳು, ಸುತ್ತು ಹಾಕಿದಳು, ಮತ್ತೆ ಸರಿದಳು. ಅವನು ಬೀಸಿದ, ತಪ್ಪಿತು. ಮತ್ತೆ ಬೀಸಿದ, ಇವಳ ಭುಜಕ್ಕೆ ಸವರಿತು. ಪರದೆಯ ಮೇಲಿದ್ದ ಅವಳ ಉಸಿರಿನ ಪಟ್ಟಿ ಅರ್ಧಕ್ಕೆ ಇಳಿಯಿತು. ಹನೀಫ್ "ಯಾ ಅಲ್ಲಾ" ಎಂದ. ಮೂರನೆಯ ಸಲ ಅವನು ಬೀಸಿದಾಗ ಕೆಂಪಿ ಎಡಕ್ಕೆ ವಾಲಿತು, ಅವನನ್ನೂ ಎಳೆದುಕೊಂಡು ಒಂದು ಹೆಜ್ಜೆ ಹೋಯಿತು. ಅಷ್ಟು ಹೊತ್ತೂ ಸುಮ್ಮನಿದ್ದ ಕುಡುಗೋಲು ಆಗ ಒಳಗೆ ಹೋಯಿತು. ಚಟ್, ಚಟ್, ಚಟ್, ಚಟ್.

ಅವನು ಬಿದ್ದ. ಹೆಣ್ಣಾಳು ಬಗ್ಗಿ ಕತ್ತಿಯನ್ನು ಎತ್ತಿಕೊಂಡಳು.

ಅಂಜಲಿ ಫೋನನ್ನು ಬೆಂಚಿನ ಮೇಲೆ ಬೋರಲಾಗಿಟ್ಟು ಎರಡೂ ಅಂಗೈಯನ್ನು ತೊಡೆಗೆ ಒರೆಸಿಕೊಂಡಳು. ಹನೀಫ್ ಕೇಳದೆಯೇ ಕೊಟ್ರಪ್ಪನ ಕೈಗೆ ನೀರು ಕೊಟ್ಟ.

ನೀರು ಕುಡಿದ ಮೇಲೆ ಕೊಟ್ರಪ್ಪ ಕೇಳಿದ: "ಮೂರನೇ ಸಲ ಅದು ಎಡಕ್ಕ ಎಳೀತು. ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಐಬಿಲ್ಲ ಅಂದಿ."

"ಐಬಲ್ಲ ಕಾಕಾ. ಅದರ ಗುಣ. ಗೊತ್ತಿದ್ರ ಅದು ಎಳದ ಕಡೆ ಅದರ ಕೂಡನ ಹೊಳ್ಳಬೇಕು."

ಕೊಟ್ರಪ್ಪ ದುರುಗೇಶನ ಕಡೆ ತಿರುಗಿದ. ಎಮ್ಮೆಯ ಬತ್ತಿದ ಮೊಲೆಯನ್ನು ಹೇಳಿದ ಬಾಯಿ ಇದನ್ನೂ ಹೇಳಬೇಕಿತ್ತು. "ನೋಡಪಾ, ಮಾಲು ಎಡಕ್ಕ ಎಳೀತೈತಿ. ಮತ್ತ ಅದು ಇಕಿ ಕೈಯಾಗ ಮಾತು ಕೇಳತೈತಿ, ನಿನ್ನ ಕೈಯಾಗ ಕೇಳಂಗಿಲ್ಲ. ಇದನ್ನ ಹಿಡದು ನೀ ಕಾದಾಕ ಹ್ವಾದ್ರ ಮತ್ತ ಬೀಳತೀದಿ. ಬ್ಯಾಡ ಅಂದ್ರ ನಿನ್ನ ರೊಕ್ಕ ಈಗ ಕೊಡತೇನಿ."

ಅಂಜಲಿ ಹನೀಫನ ಗಡಿಯಾರ ನೋಡಿದಳು. ಎರಡೂವರೆ. ಬ್ಯಾಡಗಿಗೆ ಹೋಗಿ ಮುಟ್ಟಬೇಕು.

ಮೂವರ ಮುಂದೆ ಆಟದಲ್ಲಿ ಮಗುಚಿ ಬಿದ್ದದ್ದರ ಸಿಟ್ಟು ದುರುಗೇಶನ ಮೂಗಿನ ತುದಿಯಲ್ಲೇ ಇತ್ತು. "ಕಾದಾಕ ಯಾವ ಹುಚ್ಚ ತಗೋತಾನ್ರಿ ಇದನ್ನ? ಎಡಕ್ಕರೆ ಎಳೀಲಿ, ಬಲಕ್ಕರೆ ಎಳೀಲಿ. ಪುಣೆದಾಂವ ಒಬ್ಬ ತೊಂಬತ್ತೈದು ಸಾವಿರಕ್ಕ ಕೇಳ್ಯಾನ. ಅವನೂ ಹಿಡಿಯಂಗಿಲ್ಲ. ಪೆಟ್ಟಿಗ್ಯಾಗ ಇಟ್ಟು ಮುಂದಿನ ವರ್ಷ ಮತ್ತೊಬ್ಬಗ ಮಾರತಾನ. ಅದಕ್ಕ ಹೂಡೂದು ಬ್ಯಾಡ ಅಂದದ್ದು ನಿಮಗ!"

ಹೇಳಿಯಾದ ಮೇಲೆ ಅವನು ತುಟಿ ಕಚ್ಚಿಕೊಂಡ.

ಕೊಟ್ರಪ್ಪ ಅವನನ್ನೇ ನೋಡುತ್ತ ಕುಳಿತ. ಕತ್ತಿ ಹೋದಾಗ ಆದ ದಿಗಿಲು ಇದರ ಮುಂದೆ ಏನೂ ಅಲ್ಲವೆನ್ನಿಸಿತು. ಹೂಡದ ಎತ್ತು. ಒಬ್ಬನು ಕೊಂಡು ಕಟ್ಟುತ್ತಾನೆ, ಇನ್ನೊಬ್ಬನು ಕೊಂಡು ಕಟ್ಟುತ್ತಾನೆ, ಬೆಲೆ ಏರುತ್ತದೆ, ನೊಗ ಮಾತ್ರ ಯಾರ ಮನೆಯಲ್ಲೂ ಇಲ್ಲ. ಇಂಥ ವ್ಯಾಪಾರವೂ ಇದೆಯೆಂದು ಮೂವತ್ತೆಂಟು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

"ಪೆಟ್ಟಿಗ್ಯಾಗ?" ಎಂದಳು ಅಂಜಲಿ ಮೆಲ್ಲಗೆ. ಯಾರಾದರೂ ಕಾದುವವರ ಕೈಗೇ ಅದು ಹೋಗುತ್ತದೆಂದು ಅವಳು ತಿಳಿದಿದ್ದಳು.

ಕೊಟ್ರಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಒಮ್ಮೆ ಝಾಡಿಸಿ ಮಂಡಿಯ ಮೇಲೆ ಹಾಸಿದ. "ಹೂಡಿದ್ದು ಆತು. ಇನ್ನ ಬೆಲಿ ಮಾತಾಡೂಣು."

"ಅರವತ್ತಂತ ಆಗೇತಲ್ರಿ!"

"ಅದು ಹೂಡೂಕಿಂತ ಮೊದಲ. ರಿವಾಜು ಕೇಳಿದಾಂವ ನೀನ."

ಅಂಜಲಿಯ ಕೈ ಟವೆಲ್ಲಿನ ಕೆಳಗೆ ಬಂತು. ಹೆಬ್ಬೆರಳು ಇನ್ನೂ ಬಿಸಿಯಾಗಿತ್ತು. ಅವಳು ಕೊಟ್ರಪ್ಪನ ಐದೂ ಬೆರಳು ಹಿಡಿದಳು, ಬಿಟ್ಟಳು, ಮತ್ತೆ ಮೂರು ಹಿಡಿದಳು. ಕೊಟ್ರಪ್ಪ ಅದನ್ನೇ ದುರುಗೇಶನ ಕೈಗೆ ಮುಟ್ಟಿಸಿದ. ಅವನು ಚೇಳು ಕಡಿದವನಂತೆ ಕೈ ಎಳೆದುಕೊಂಡ.

"ಎಂಬತ್ತು? ಇದು ಸುಲಿಗಿ ಐತ್ರಿ!"

"ಆಟದ ರೂಲ್ಸ್," ಎಂದ ಹನೀಫ್, ಚಹಾ ಸೋಸುತ್ತ.

ದುರುಗೇಶ ಎದ್ದ, ಬೈಕಿನ ತನಕ ಹೋದ, ತಿರುಗಿ ಬಂದ, ಮತ್ತೆ ಹೋದ. ಕಡೆಗೆ ರಸ್ತೆಯಾಚೆಯ ಎಟಿಎಮ್ಮಿನಿಂದ ಇಪ್ಪತ್ತು ಸಾವಿರ ತಂದು ಕೊಟ್ರಪ್ಪನ ಮುಂದೆ ಇಟ್ಟ. ಮುಖ ನೋಡಲಿಲ್ಲ.

ಕತ್ತಿ ದಾಟಿಸಲು ಅಂಜಲಿ ಬೆರಳು ಎತ್ತಿದಾಗ ಕೊಟ್ರಪ್ಪ ತಡೆದ. "ಹಗ್ಗ ಬಿಚ್ಚಿಕೊಂಡಿಯೇನು?"

ಇಲ್ಲಿ ದನ ಮಾರಿದವರು ಹಗ್ಗ ಕೊಡುವುದಿಲ್ಲ, ಕೊಂಡವರು ತಮ್ಮ ಹಗ್ಗ ತರುತ್ತಾರೆ. ಅಂಜಲಿಗೆ ತಿಳಿಯಿತು. ಹಿಡಿಯಿಂದ ಕೆಂಪು ದಾರದ ಗೊಂಡೆಯನ್ನು ಬಿಡಿಸಿ ಕುಡುಗೋಲಿಗೆ ಕಟ್ಟಿದಳು. ದುರುಗೇಶನ ಫೋನಿನಲ್ಲಿ ಒಂದು ಪೆಟ್ಟಿಗೆ ತೆರೆಯಿತು, ಕೆಂಪಿ ಒಳಗೆ ಹೋಯಿತು, ಮುಚ್ಚಳ ಬಿತ್ತು. ಅಂಜಲಿ ಆಚೆ ನೋಡಿದಳು.

ರೊಕ್ಕ ಎಣಿಸಿ ಅವಳ ಕೈಗಿಟ್ಟ ಕೊಟ್ರಪ್ಪ, ಆಕೆ ದಲಾಲಿಯೆಂದು ತೆಗೆದ ನೋಟುಗಳನ್ನು ಹಿಂದಕ್ಕೆ ತಳ್ಳಿದ. ಯಂತ್ರದ ವಿಷಯದಲ್ಲಿ ಅವಳಿಗೊಂದು ಮಾತು ಹೇಳಬೇಕೆಂದಿತ್ತು. ಇವತ್ತು ಅದನ್ನು ಇನ್ನೊಮ್ಮೆ ಆಡುವ ಧೈರ್ಯ ಅವನಿಗಿರಲಿಲ್ಲ.

ಅಂಜಲಿ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹೋದವಳು ನಿಂತಳು.

"ಬರ್ರಿ ಕಾಕಾ, ಬ್ಯಾಡಗಿ ಬಸ್ಸು ಐತಿ. ಉಡಚವ್ವನ ಯಂತ್ರಕ್ಕ ಒಂದು ಸೇರು ಮೆಣಸಿನಕಾಯಿ ಹಾಕಿ ಹೂಡಿ ನೋಡ್ರಿ. ಆಮ್ಯಾಲ ರೊಕ್ಕ ಕೊಡತೇನಿ."

ಕೊಟ್ರಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದ.